ಭಾನುವಾರದ ಎರಡು ಹನಿ

ಆ ಮನೆಯಲ್ಲಿ ಭಾನುವಾರ ಬೆಳಗಾದರೆ ಎಲ್ಲರೂ ಬೆಂಚಿನ ಮೇಲೆ ಮಲಗಬೇಕು. ಸ್ನಾನ ಆಮೇಲೆ, ತಿಂಡಿ ಆಮೇಲೆ, ಮೊದಲು ಕಿವಿ. ಊಟದ ಮೇಜಿನ ಉದ್ದನೆಯ ಬೆಂಚನ್ನು ಕಿಟಕಿಯ ಕೆಳಗೆ ಎಳೆದು, ಮೇಲೊಂದು ಟವೆಲ್ ಹಾಸಿ, ಮಾವ ಬೀರುವಿನ ಮೇಲಿನ ಅರೆಯಿಂದ ಕಂದು ಬಾಟಲಿ ಇಳಿಸುತ್ತಿದ್ದರು. ಒಬ್ಬೊಬ್ಬರಾಗಿ ಹೋಗಿ ಮಗ್ಗುಲಾಗಬೇಕು. ಎರಡು ಹನಿ ಈ ಕಿವಿಗೆ, ಎರಡು ಹನಿ ಆ ಕಿವಿಗೆ, ಚೂರು ಹತ್ತಿ, ಏಳು, ಮುಂದಿನವರು ಬನ್ನಿ. ಮಾವ ಮೂವತ್ತೊಂದು ವರ್ಷ ಒಬ್ಬ ಡಾಕ್ಟರ ಕೈಕೆಳಗೆ ಕಾಂಪೌಂಡರ್ ಆಗಿದ್ದವರು. ಡಾಕ್ಟರು ತೀರಿಹೋಗಿ, ಕ್ಲಿನಿಕ್ಕಿದ್ದ ಜಾಗದಲ್ಲಿ ಚಪ್ಪಲಿ ಅಂಗಡಿ ಬಂದು ಒಂಬತ್ತು ವರ್ಷವಾದರೂ ಬೀದಿಯವರ ಬಾಯಲ್ಲಿ ಅವರು ಇನ್ನೂ ಕಾಂಪೌಂಡರೇ. ಮನೆಯೊಳಗಂತೂ ಡಾಕ್ಟರಿಗಿಂತ ಒಂದು ಮೆಟ್ಟಿಲು ಮೇಲೆ.

ಬಾಟಲಿಯಲ್ಲಿ ಏನಿದೆ ಎಂದು ಕೇಳಿದರೆ ಅವರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಸೋರುವ ಕಿವಿಗೆ ತಂದು ಉಳಿದದ್ದು, ತುರಿಕೆಗೆ ತಂದು ಉಳಿದದ್ದು, ಊತಕ್ಕೆ ತಂದದ್ದು, ಪಕ್ಕದ ಮನೆಯವರು ಬೇಡವೆಂದು ಕೊಟ್ಟದ್ದು, ಎಲ್ಲವೂ ಅದಕ್ಕೇ. ಮಂದವಾದರೆ ನಾಲ್ಕು ಚಮಚ ಎಣ್ಣೆ. ಔಷಧಿ ಚೆಲ್ಲುವುದು ಪಾಪವೆಂದು ನಂಬಿದ ಮನುಷ್ಯ. ಬಾಟಲಿ ಖಾಲಿಯಾದದ್ದನ್ನು ಯಾರೂ ಕಂಡಿರಲಿಲ್ಲ. ಅರ್ಧಕ್ಕಿಳಿದರೆ ಮೇಲಿಂದ ತುಂಬುತ್ತಿದ್ದರು. ಹನಿ ಹಾಕುವ ಗಾಜಿನ ಕೊಳವೆ ಕ್ಲಿನಿಕ್ಕಿನ ಕಾಲದ್ದು. ಒಬ್ಬರ ಕಿವಿ ಮುಟ್ಟಿ ಎದ್ದ ಕೊಳವೆ ಬಾಟಲಿಯಲ್ಲಿ ಮುಳುಗಿ, ಇನ್ನೊಬ್ಬರ ಕಿವಿಗೆ ಇಳಿಯುತ್ತಿತ್ತು.

ಸೊಸೆ ಇದನ್ನು ಮದುವೆಯಾಗಿ ಬಂದ ಮೊದಲ ಭಾನುವಾರವೇ ನೋಡಿದ್ದಳು. ಅವಳಿಗೆ ಕೆಲಸ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ, ಅದೂ ಬೂಷ್ಟಿನ ವಿಭಾಗದಲ್ಲಿ. ಉಗುರು, ಚರ್ಮ, ಕಫ, ಕಿವಿಯ ಕೊಳೆ, ಇವುಗಳಲ್ಲಿ ಯಾವ ಶಿಲೀಂಧ್ರ ಬೆಳೆಯುತ್ತದೆಂದು ನೋಡಿ ಬರೆಯುವವಳು ಅವಳು. ಹಾಗಾಗಿ ಭಾನುವಾರದ ಡ್ಯೂಟಿಯನ್ನು ತಾನಾಗಿಯೇ ಕೇಳಿ ಬರೆಸಿಕೊಂಡಿದ್ದಳು. ಎರಡು ವರ್ಷದ ಹಿಂದೆ ಮಗಳು ಗುಬ್ಬಿಗೆ ನಾಲ್ಕು ತುಂಬಿದಾಗ, ಅವಳ ಸರದಿಯೂ ಬಂತೆಂದು ಮಾವ ಬೆಂಚಿನ ಮೇಲೆ ಮಲಗಿಸಿದ್ದರು. ಸೊಸೆ ಮಗುವನ್ನು ಎತ್ತಿಕೊಂಡು, "ಇವಳಿಗೆ ಅಲರ್ಜಿ ಮಾವ, ನಮ್ಮ ಡಾಕ್ಟ್ರು ಕಿವಿಗೆ ಏನೂ ಹಾಕಬೇಡಿ ಅಂದಿದ್ದಾರೆ" ಎಂದು ಒಳಗೆ ಹೋಗಿಬಿಟ್ಟಿದ್ದಳು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ.

ಈ ಭಾನುವಾರ ಅವಳಿಗೆ ರಜ. ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುತ್ತ ನಿಂತಿದ್ದಳು. ಗಂಡ ಹನಿ ಹಾಕಿಸಿಕೊಂಡು, ಎರಡೂ ಕಿವಿಗೆ ಹತ್ತಿ ಸಿಕ್ಕಿಸಿಕೊಂಡು, ಪೇಪರ್ ಹಿಡಿದು ಕೂತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಮನೆಯಲ್ಲೂ ಮೇಲಿನವರ ಮಾತು ಕೆಳಗೆ, ಕೆಳಗಿನವರ ಮಾತು ಮೇಲೆ ಸಾಗಿಸುವುದಷ್ಟೇ ಅವನ ಕೆಲಸ.

"ಮುಂದೆ ಯಾರು?" ಎಂದರು ಮಾವ.

ಅತ್ತೆ ಬಂದು ಬೆಂಚಿನ ಮೇಲೆ ಕೂತರು. ಮಲಗಲಿಲ್ಲ. "ಇವತ್ತು ಬೇಡ. ಒಳಗೆ ಉರೀತಿದೆ. ಹತ್ತಿ ತುರುಕಿದ ಹಾಗಿದೆ."

"ಉರಿತಿದ್ರೆ ಔಷಧಿ ಕೆಲಸ ಮಾಡ್ತಿದೆ ಅಂತ. ಮಲಕ್ಕೋ."

"ಮೂರು ವಾರದಿಂದ ಕೆಲಸ ಮಾಡ್ತಾನೇ ಇದೆಯಲ್ಲ."

"ನಂಗೆ ಹೇಳಿಕೊಡ್ತೀಯಾ? ಎಷ್ಟು ಜನರ ಕಿವಿ ನೋಡಿದ್ದೀನಿ ನಾನು."

ಅತ್ತೆ ಸುಮ್ಮನೆ ಮಗ್ಗುಲಾದರು. ಬಲಗಿವಿ ಮೇಲೆ. ಎಡಗಿವಿಯ ಲೆಕ್ಕ ಯಾರೂ ಇಡುತ್ತಿರಲಿಲ್ಲ. ಏಳನೇ ವಯಸ್ಸಿನಲ್ಲಿ ಬಂದ ಜ್ವರ ಅದನ್ನು ತಿಂದುಹಾಕಿತ್ತು. ಉಳಿದದ್ದು ಇದೊಂದೇ, ಮತ್ತು ಇಪ್ಪತ್ತೆರಡು ವರ್ಷದಿಂದ ಅವರು ಸಂಬಳ ತಂದದ್ದು ಇದೊಂದೇ ಕಿವಿಯಿಂದ.

ಅತ್ತೆಯ ಕೆಲಸ ಪಿಂಗಾಣಿ ಕಾರ್ಖಾನೆಯಲ್ಲಿ, ಚಹಾದ ಕಪ್ಪು ತಟ್ಟುವುದು. ಭಟ್ಟಿಯಿಂದ ಬಂದ ಕಪ್ಪನ್ನು ಎಡಗೈಯ ಮೂರು ಬೆರಳ ಮೇಲೆ ನಿಲ್ಲಿಸಿ, ಬಲಗೈಯ ಮರದ ಕಡ್ಡಿಯಿಂದ ಅಂಚಿಗೆ ಒಂದು ಏಟು. ಸರಿಯಿರುವ ಕಪ್ಪು ಕಿಣಿ ಅನ್ನುತ್ತದೆ, ಒಡಕಿದ್ದದ್ದು ಕಟ್ ಅನ್ನುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಅವರ ಕಿವಿಗೆ ಸಿಕ್ಕಿಬೀಳುತ್ತಿತ್ತು. ದಿನಕ್ಕೆ ಮೂರು ಸಾವಿರ ಕಪ್ಪು. ಮನೆಯಲ್ಲೂ ಅಷ್ಟೇ, ಚಹಾ ಬಗ್ಗಿಸುವ ಮೊದಲು ಪ್ರತಿ ಕಪ್ಪಿಗೂ ಉಗುರಿನಿಂದ ಒಂದು ಏಟು ಹಾಕದೆ ಬಿಟ್ಟವರಲ್ಲ. ಗುಬ್ಬಿ ಅಜ್ಜಿಯ ಹಾಗೆ ಕಪ್ಪು ತಟ್ಟಿ, ತಲೆ ವಾಲಿಸಿ, "ಪಾಸ್" ಎನ್ನುತ್ತಿದ್ದಳು.

ಹನಿ ಹಾಕಿಸಿಕೊಂಡು ಅತ್ತೆ ಅಡುಗೆಮನೆಗೆ ಬಂದರು. ಸೊಸೆ ಕಪ್ಪು ಜೋಡಿಸಿದ್ದಳು. ಅತ್ತೆ ಒಂದನ್ನು ತಟ್ಟಿದರು. ಮತ್ತೆ ತಟ್ಟಿದರು. ಕಿವಿಯ ಹತ್ತಿರ ಹಿಡಿದು ಮೂರನೇ ಸಲ ತಟ್ಟಿ, ಕೆಳಗಿಟ್ಟರು.

"ಮೊನ್ನೆ ಒಂದು ಪೆಟ್ಟಿಗೆ ವಾಪಸ್ ಬಂತು" ಎಂದರು, ಹೊರಗೆ ಯಾರಿಗೂ ಕೇಳದ ಹಾಗೆ. "ಆರು ಕಪ್ಪು ಒಡಕು. ನನ್ನ ಚೀಟಿ ಇದ್ದ ಪೆಟ್ಟಿಗೆ. ಇನ್ನೊಂದು ಬಂದ್ರೆ ಪ್ಯಾಕಿಂಗ್‌ಗೆ ಹಾಕ್ತೀನಿ ಅಂದಿದ್ದಾನೆ ಸೂಪರ್‌ವೈಸರ್."

ಸೊಸೆಯ ಪಿತ್ತ ನೆತ್ತಿಗೇರಿತು. "ನಾಳೆ ನನ್ನ ಜತೆ ಆಸ್ಪತ್ರೆಗೆ ಬನ್ನಿ ಅತ್ತೆ. ಕಾರ್ಖಾನೆಗೆ ಅಂತ ಹೊರಡಿ, ಇಬ್ಬರೂ ಒಂದೇ ಬಸ್ಸು ಹತ್ತೋಣ."

"ಅವರಿಗೆ ಗೊತ್ತಾದ್ರೆ?"

"ಗೊತ್ತಾಗಲಿ. ಕಿವಿ ನಿಮ್ದು ತಾನೇ?"

ಅತ್ತೆ ಬಾಗಿಲ ಕಡೆ ನೋಡಿದರು. ಮಾವ ಕೊಳವೆಯನ್ನು ಟವೆಲಿನಿಂದ ಒರೆಸಿ ಬಾಟಲಿಯೊಳಗೆ ಇಳಿಬಿಟ್ಟು ಮುಚ್ಚಳ ತಿರುಗಿಸುತ್ತಿದ್ದರು.

ಆಸ್ಪತ್ರೆಯ ಕಿವಿ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಸಣ್ಣ ದೀಪ ಹಿಡಿದು ನೋಡಿ, ಕೊಕ್ಕೆಯಿಂದ ಒದ್ದೆ ಪೇಪರಿನಂಥ ಬಿಳಿ ಮುದ್ದೆಯನ್ನು ಎಳೆದರು. ಅದರ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ.

"ಬೂಷ್ಟು" ಎಂದರು. "ಕಿವಿಗೆ ಏನಾದ್ರೂ ಹಾಕ್ತಿದ್ದೀರಾ?"

ಅತ್ತೆ ಸೊಸೆಯ ಮುಖ ನೋಡಿದರು. "ಇಲ್ಲ" ಎಂದುಬಿಟ್ಟರು. ಗಂಡನ ಮರ್ಯಾದೆಯನ್ನು ಆಸ್ಪತ್ರೆಯಲ್ಲೂ ಕಾಯಬೇಕಲ್ಲ. ಸೊಸೆ ಬಾಯಿ ತೆರೆದವಳು, ಅತ್ತೆ ಅವಳ ಮೊಣಕೈ ಹಿಂಡಿದ್ದಕ್ಕೆ ಮುಚ್ಚಿಕೊಂಡಳು.

ಡಾಕ್ಟರು ತುರಿಕೆಗೂ ಬೂಷ್ಟಿಗೂ ಎಲ್ಲರಿಗೂ ಕೊಡುವ ಹನಿಯನ್ನೇ ಬರೆದರು, ಕ್ಲೋಟ್ರಿಮಜೋಲ್, ದಿನಕ್ಕೆ ಮೂರು ಸಲ, ಎರಡು ವಾರ. ಕೊಳೆ ಸವರಿದ ಹತ್ತಿಕಡ್ಡಿಯನ್ನು ಲ್ಯಾಬಿಗೆ ಕಳಿಸಿದರು. ಅದು ಮೇಲಿನ ಮಹಡಿಗೆ ಏರಿ, ಚೀಟಿ ಅಂಟಿಸಿಕೊಂಡು, ಸೊಸೆಯ ಮೇಜಿಗೇ ಬಂತು. ಬೂಷ್ಟು ಬೆಳೆಸುವ ತಟ್ಟೆಯ ಮೇಲೆ ಅದನ್ನು ಎಳೆದು ಬಿಸಿ ಪೆಟ್ಟಿಗೆಯಲ್ಲಿಟ್ಟಳು. ನಾಲ್ಕನೇ ದಿನಕ್ಕೆ ತಟ್ಟೆ ತುಂಬ ಬಿಳಿ ನೂಲು, ನೂಲಿನ ತುದಿಗೆಲ್ಲ ಕರೀ ತಲೆ. ದಿನಾ ನೋಡುವ ಬೂಷ್ಟೇ. ಆದರೂ ಇದು ತನ್ನ ಅಡುಗೆಮನೆಯಲ್ಲಿ ಓಡಾಡುವ ಹೆಂಗಸಿನದೆಂದು ಚೀಟಿಯ ಹೆಸರನ್ನು ಇನ್ನೊಮ್ಮೆ ಓದಿದಳು.

"ಮೇಡಂ, ಇದಕ್ಕೆ ಯಾವ ಔಷಧಿ ಕೆಲಸ ಮಾಡತ್ತೆ ಅಂತಾನೂ ನೋಡಲಾ?" ಎಂದು ವಿಭಾಗದ ಮುಖ್ಯಸ್ಥೆಯನ್ನು ಕೇಳಿದಳು.

"ಕಿವಿಯದಕ್ಕೆ ಆ ಪರೀಕ್ಷೆ ಮಾಡಲ್ಲ ನಾವು. ರಕ್ತದ್ದು, ಶ್ವಾಸಕೋಶದ್ದು ಬಂದ್ರೆ ಮಾಡ್ತೀವಿ. ಕಿವಿಗೆ ಹನಿ ಹಾಕಿದ್ರೆ ಹೋಗತ್ತೆ. ಹೋಗದೆ ಇದ್ರೆ ಆಗ ನೋಡೋಣ." ಮೇಡಂ ತಲೆಯೆತ್ತದೆ ಹೇಳಿದರು. ಕಿವಿಯಿಂದ ಯಾರೂ ಸಾಯುವುದಿಲ್ಲ ಎಂಬುದು ಆ ಮಹಡಿಯ ಒಟ್ಟು ಅಭಿಪ್ರಾಯ. ಸೊಸೆ ತಟ್ಟೆಯನ್ನು ಎಸೆಯದೆ ಫ್ರಿಜ್ಜಿನ ಹಿಂದಿನ ಸಾಲಿನಲ್ಲಿಟ್ಟಳು.

ಎರಡು ವಾರ ಹೋಯಿತು. ಕಿವಿಯ ಬೂಷ್ಟು ಹೋಗಲಿಲ್ಲ. ಅತ್ತೆ ಬಸ್ಸಿನಲ್ಲಿ, ಕಾರ್ಖಾನೆಯ ಊಟದ ಕೋಣೆಯಲ್ಲಿ, ಬಚ್ಚಲಲ್ಲಿ ಕದ್ದು ಹನಿ ಹಾಕಿಕೊಂಡರು. ಉರಿ ಹೆಚ್ಚಿತು. ಮೇಜಿನ ಆ ತುದಿಯಿಂದ ಬ್ರೆಡ್ ಕೊಡಿ ಎಂದರೆ ಉಪ್ಪು ಕೊಡುವಷ್ಟಾಯಿತು. ಗುಬ್ಬಿ ನಕ್ಕಳು. ಯಾರೂ ನಗದ್ದು ನೋಡಿ ಸುಮ್ಮನಾದಳು.

ಎರಡನೆಯ ಪೆಟ್ಟಿಗೆಯೂ ವಾಪಸ್ಸಾಯಿತು. ಸೂಪರ್‌ವೈಸರ್ ಮೂರು ವಾರ ಸಂಬಳವಿಲ್ಲದ ರಜ ಕೊಟ್ಟ. "ಕಿವಿ ಸರಿ ಮಾಡ್ಕೊಂಡು ಬಾಮ್ಮ. ಇಪ್ಪತ್ತು ಕಪ್ಪು ಕೊಡ್ತೀನಿ, ಮೂರು ಒಡಕು ಇರತ್ತೆ. ಮೂರೂ ಹಿಡಿದ್ರೆ ನಿನ್ನ ಜಾಗ ನಿಂದೇ. ಇಲ್ದಿದ್ರೆ ಪ್ಯಾಕಿಂಗ್" ಎಂದನಂತೆ. ರಜ ಸಿಕ್ಕಿದ್ದಕ್ಕೆ ಮನೆಯಲ್ಲಿ ಗುಟ್ಟು ರಟ್ಟಾಯಿತು.

ಮಾವ ಕುಣಿದಾಡಿದರು. "ಆಸ್ಪತ್ರೆಗೆ ಹೋಗಿದ್ರಂತೆ, ಕದ್ದುಮುಚ್ಚಿ. ಏನಾಯ್ತು? ಅವರ ಔಷಧಿಯಿಂದ ಏನು ಕಿಸಿದರು? ನಾನು ಭಾನುವಾರ ಭಾನುವಾರ ಹಾಕದೆ ಇದ್ದಿದ್ರೆ ಇಷ್ಟೂ ಉಳೀತಿರ್ಲಿಲ್ಲ."

ಬಟಾಟೆಯ ಸಿಪ್ಪೆ ತೆಗೆಯುತ್ತಿದ್ದ ಸೊಸೆಯ ಕೈ ನಿಂತಿತು. "ಭಾನುವಾರ ಹಾಕ್ತಾ ಇದ್ರಾ? ಈ ಎರಡು ವಾರಾನೂ?"

"ಹಾಕದೆ?"

ಸೊಸೆ ಅತ್ತೆಯ ಬಲಗಡೆ ಹೋಗಿ, ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು. "ಯಾಕೆ ಹಾಕಿಸ್ಕೊಂಡ್ರಿ ಅತ್ತೆ? ನಾನು ಡ್ಯೂಟಿಗೆ ಹೋದ ಮೇಲೆ ಬೆಂಚಿನ ಮೇಲೆ ಯಾಕೆ ಮಲಗಿದ್ರಿ?"

"ಇಲ್ಲ ಅಂದ್ರೆ ಮೂರು ದಿನ ಊಟ ಬಿಡ್ತಾರೆ. ನೀನು ಬಂದು ಎಂಟು ವರ್ಷ ಆಯ್ತು, ನೋಡಿಲ್ವಾ?" ಅತ್ತೆಯ ದನಿ ಜೋರಾಗಿತ್ತು. ತಮ್ಮ ದನಿ ತಮಗೇ ಕೇಳದವರ ದನಿ ಅದು. "ಎರಡು ಹನಿ ತಾನೇ. ಜಗಳಕ್ಕಿಂತ ಸಸಾರ ಅಂತ ಮಲಗಿದೆ."

ಸೊಸೆ ಗಂಡನನ್ನು ನೋಡಿದಳು. ಗಂಡ ಪೇಪರಿನ ಪುಟ ತಿರುಗಿಸಿದ.

ಮರುದಿನ ಅವಳು ಮಾವ ಬಚ್ಚಲಿಗೆ ಹೋದ ಹೊತ್ತು ನೋಡಿ ಬೀರು ತೆಗೆದು, ಕಂದು ಬಾಟಲಿಯಿಂದ ಒಂದಿಷ್ಟನ್ನು ಲ್ಯಾಬಿನ ಚಿಕ್ಕ ಡಬ್ಬಿಗೆ ಬಗ್ಗಿಸಿಕೊಂಡಳು. ಮೂಗಿಗೆ ಹಿಡಿದರೆ ಹಳೇ ಎಣ್ಣೆ, ಸ್ಪಿರಿಟ್ಟು, ನೆನೆದ ಗೋಡೆ, ಎಲ್ಲದರ ವಾಸನೆ. ಮೇಡಂ ಮುಂದೆ ಹೋಗಿ ಡಬ್ಬಿಯನ್ನೂ ಫ್ರಿಜ್ಜಿನ ತಟ್ಟೆಯನ್ನೂ ಇಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಈ ಸಲ ಏನೂ ಮುಚ್ಚಿಡಲಿಲ್ಲ.

"ಈ ಬಾಟಲಿಯ ಮಾದರಿಗೆ ವಾರ್ಡ್ ನಂಬರ್ ಏನು ಬರೀತೀಯ?" ಎಂದರು ಮೇಡಂ.

"ಅಡುಗೆಮನೆ ಅಂತ ಬರೀತೀನಿ."

ಮೇಡಂ ನಗಲಿಲ್ಲ. "ಎರಡನ್ನೂ ಒಟ್ಟಿಗೆ ಪರೀಕ್ಷೆಗೆ ಹಾಕು" ಎಂದರು.

ನಾಲ್ಕು ದಿನಕ್ಕೆ ಬಾಟಲಿಯ ತಟ್ಟೆಯಲ್ಲೂ ಅದೇ ಬಿಳಿ ನೂಲು, ಅದೇ ಕರೀ ತಲೆ. ಆಮೇಲೆ ಔಷಧಿಯ ಪರೀಕ್ಷೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲು ಸಾಲು ಗುಳಿ. ಒಂದೊಂದು ಸಾಲಿಗೆ ಒಂದೊಂದು ಔಷಧಿ. ಮೊದಲ ಗುಳಿಯಲ್ಲಿ ಔಷಧಿ ಅತಿ ಗಾಢ, ಎರಡನೆಯದರಲ್ಲಿ ಅದರರ್ಧ, ಮೂರನೆಯದರಲ್ಲಿ ಅದರ ಅರ್ಧ, ಹೀಗೆ ಹತ್ತು. ಎಲ್ಲದಕ್ಕೂ ಬೂಷ್ಟಿನ ಬೀಜ ಬಿಟ್ಟು ಎರಡು ದಿನ ಬೆಚ್ಚಗಿಡಬೇಕು. ಬೂಷ್ಟು ಸೋತಲ್ಲಿ ಗುಳಿ ನೀರಿನ ಹಾಗೆ ತಿಳಿ, ಗೆದ್ದಲ್ಲಿ ಕದಡಿದ ಗಂಜಿ. ಸೊಸೆ ಆ ಎರಡು ದಿನ ಮನೆಯಲ್ಲಿ ಮಾವನ ತಟ್ಟೆಗೆ ಬಡಿಸುವಾಗ ಚಮಚದ ಸದ್ದು ಮಾತ್ರ ಮಾಡಿದಳು.

ಮೂರನೆಯ ಬೆಳಗ್ಗೆ ತಟ್ಟೆ ತೆಗೆದು ಬೆಳಕಿಗೆ ಹಿಡಿದಳು. ಕ್ಲೋಟ್ರಿಮಜೋಲಿನ ಸಾಲು ಈ ತುದಿಯಿಂದ ಆ ತುದಿಗೆ ಗಂಜಿ. ಮೊದಲ ಗುಳಿಯೂ ಗಂಜಿ. ಎರಡನೆಯ ಔಷಧಿಯೂ ಹೆಚ್ಚುಕಮ್ಮಿ ಹಾಗೇ. ಮೂರನೆಯ ಸಾಲು, ಟರ್ಬಿನಾಫಿನ್, ಒಂದರಿಂದ ಎಂಟನೆಯ ಗುಳಿಯವರೆಗೆ ಕನ್ನಡಿಯ ಹಾಗೆ ತಿಳಿ. ಕೆಳಗೆ ಬಾಟಲಿಯ ಬೂಷ್ಟಿನ ಸಾಲುಗಳು. ಒಂದೊಂದು ಗುಳಿಯೂ ಮೇಲಿನದರ ನಕಲು.

ಮೇಡಂ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. "ಇಷ್ಟು ಔಷಧೀಲೂ ಬೂಷ್ಟು ಬೆಳೆದ್ರೆ ಕಿವಿಯ ಹನಿ ಸೋತ ಹಾಗೆ ಅಂತ ಬರೆದಿಟ್ಟ ಗೆರೆ ಯಾವ ಪುಸ್ತಕದಲ್ಲೂ ಇಲ್ಲ. ಆದ್ರೆ ಮೊದಲ ಗುಳೀಲೇ ಹೀಗೆ ಬೆಳೆದ್ರೆ ವಾದ ಮಾಡೋಕೆ ಏನಿದೆ? ಆ ಬಾಟಲೀಲಿ ಇದನ್ನ ಕೊಲ್ಲೋಷ್ಟು ಔಷಧಿ ಯಾವತ್ತೂ ಇರ್ಲಿಲ್ಲ, ಪಳಗಿಸೋಷ್ಟು ಮಾತ್ರ ಇತ್ತು. ನಿಮ್ಮ ಮಾವ ಒಂಬತ್ತು ವರ್ಷ ಇದಕ್ಕೆ ಪಾಠ ಹೇಳಿದ್ದಾರೆ ಕಣಮ್ಮ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಮೊದಲ ವಾರ ನೀನು ಕೇಳ್ದಾಗಲೇ ಮಾಡಬೇಕಿತ್ತು" ಎಂದರು.

ಆ ಸಂಜೆ ಊಟದ ಮೇಜಿನ ಮೇಲೆ, ಬೇಯಿಸಿದ ಬಟಾಟೆಯ ಪಾತ್ರೆಯ ಪಕ್ಕ, ಸೊಸೆ ವರದಿಯ ಕಾಗದ ಇಟ್ಟಳು.

"ಏನದು?" ಎಂದರು ಮಾವ.

"ನಿಮ್ಮ ಬಾಟಲಿಯ ಜಾತಕ. ಅತ್ತೆ ಕಿವೀಲಿ ಬೆಳೆದಿರೋದೂ ನಿಮ್ಮ ಬಾಟಲೀಲಿ ಬೆಳೆದಿರೋದೂ ಒಂದೇ ಬೂಷ್ಟು. ಆಸ್ಪತ್ರೆ ಕೊಟ್ಟ ಔಷಧಿಗೆ ಅದು ಜಗ್ಗಲಿಲ್ಲ, ಯಾಕಂದ್ರೆ ನೀವು ತುರಿಕೆಗೆ ಅಂತ ತಂದು ಸುರಿದ ಅದೇ ಔಷಧೀನ ನಿಮ್ಮ ಬಾಟಲೀಲಿ ನೀರು ನೀರಾಗಿ ಕುಡ್ಕೊಂಡು ಬೆಳೆದಿದೆ."

"ಊಟದ ಹೊತ್ತಲ್ಲಿ ಬೇಕಾ ಇದು?" ಎಂದ ಗಂಡ.

"ನಿಮ್ಮನೇಲಿ ಮಾತಾಡೋ ಹೊತ್ತು ಯಾವುದು ಹೇಳಿ, ಬರೆದು ಗೋಡೆಗೆ ಅಂಟಿಸ್ತೀನಿ."

ಮಾವ ಕಾಗದ ಮುಟ್ಟಲಿಲ್ಲ. "ನನ್ನ ಬೀರು ತೆಗೆದ್ಯಾ ನೀನು? ಕಳ್ಳರ ಹಾಗೆ?"

"ತೆಗೆದೆ. ಇನ್ನೂ ಮುಂಚೆ ತೆಗೀಬೇಕಿತ್ತು."

"ಇಷ್ಟು ವರ್ಷ ಈ ಮನೇಲಿ ಯಾರಿಗೆ ಏನಾಗಿದೆ? ಹೇಳು. ನಿನ್ನ ಗಂಡನಿಗೆ ಏನಾಗಿದೆ? ನನಗೆ ಏನಾಗಿದೆ?"

"ನಿಮಗೆ ಎರಡೆರಡು ಕಿವಿ ಇದೆ ಮಾವ. ಅತ್ತೆಗೆ ಇದ್ದಿದ್ದೇ ಒಂದು. ದಿನಾ ಭಟ್ಟಿ ಪಕ್ಕ ಬೆವರಿನಲ್ಲಿ ನೆನೆಯೋ ಕಿವಿ. ಅದಕ್ಕೇ ಹೋಗಿ ಬೂಷ್ಟು ನೆಟ್ಟಿದ್ದೀರಿ."

"ನಾಲ್ಕು ತಟ್ಟೆ ತೊಳೆಯೋಳು ನಂಗೆ ವೈದ್ಯ ಹೇಳಿಕೊಡ್ತಾಳೆ" ಎಂದು ಮಾವ ಮಗನ ಕಡೆ ತಿರುಗಿದರು. "ಕೇಳ್ತಾ ಕೂತಿದ್ದೀಯಲ್ಲ, ನಿಂಗೆ ನಾಲಗೆ ಇಲ್ವಾ?"

ಗಂಡ ಬಾಯಲ್ಲಿದ್ದ ತುತ್ತನ್ನು ಆಚೆಯಿಂದ ಈಚೆಗೆ ಹೊರಳಿಸಿದ. ಅಷ್ಟರಲ್ಲಿ ಅತ್ತೆ ಎದ್ದರು. ಮಾತು ಎಷ್ಟು ಕೇಳಿಸಿತೋ, ಕಾಗದವನ್ನಂತೂ ಓದಿದ್ದರು. ಬೀರುವಿನ ಮುಂದೆ ಹೋಗಿ, ಕಾಲ್ಬೆರಳ ಮೇಲೆ ನಿಂತು, ಕಂದು ಬಾಟಲಿ ಇಳಿಸಿ, ಅಡುಗೆಮನೆಯ ತೊಟ್ಟಿಗೆ ಬಗ್ಗಿಸಿದರು. ಅದು ಗುಳುಗುಳು ಅನ್ನುತ್ತ ನಿಧಾನಕ್ಕೆ ಇಳಿಯಿತು. ತಳದಲ್ಲಿ ಕರೀ ಲೋಳೆ ಉಳಿದಿತ್ತು. ಅದರ ಮೇಲೆ ಕುದಿಯುವ ನೀರು ಹೊಯ್ದು, ಕೊಳವೆಯನ್ನು ಎರಡು ತುಂಡು ಮಾಡಿ ಕಸಕ್ಕೆ ಹಾಕಿ, ಬಂದು ಕೂತು ಊಟ ಮುಂದುವರಿಸಿದರು.

ಮಾವ ಕೈ ತೊಳೆದುಕೊಂಡರು. ಮೂರು ದಿನ ಮನೆಯಲ್ಲಿ ಉಣ್ಣಲಿಲ್ಲ. ಮೂಲೆಯ ಬೇಕರಿಯಲ್ಲಿ ಬನ್ನು ತಿನ್ನುವುದನ್ನು ಗುಬ್ಬಿ ಶಾಲೆಯಿಂದ ಬರುವಾಗ ನೋಡಿ ಬಂದು ಹೇಳಿದಳು. ಯಾರೂ ಕರೆಯಲಿಲ್ಲ. ನಾಲ್ಕನೆಯ ದಿನ ತಾವೇ ತಟ್ಟೆ ತೆಗೆದುಕೊಂಡು ಬಂದು ಕೂತರು.

ಹೊಸ ಔಷಧಿ ಶುರುವಾಯಿತು. ವಾರಕ್ಕೆರಡು ಸಲ ಡಾಕ್ಟರು ಕಿವಿ ಶುಚಿ ಮಾಡಿದರು; ದಿನಕ್ಕೆ ಮೂರು ಸಲ ಸೊಸೆ ಇಲ್ಲವೇ ಗಂಡ ಹನಿ ಹಾಕಿದರು. ಹೌದು, ಗಂಡನೂ ಹಾಕಿದ. ಮಧ್ಯಾಹ್ನ ಕೆಲಸ ಬಿಟ್ಟು ಸೈಕಲ್ಲಿನಲ್ಲಿ ಬಂದು, ಅಮ್ಮನ ಕಿವಿಗೆ ಹನಿ ಹಾಕಿ, ವಾಪಸ್ ಹೋಗುತ್ತಿದ್ದ. ವಾರದಲ್ಲಿ ಉರಿ ಇಳಿಯಿತು. ಎರಡು ವಾರಕ್ಕೆ ಕೊಳೆ ನಿಂತಿತು. ಆದರೆ ಡಾಕ್ಟರು ದೀಪ ಆರಿಸಿ ಹೇಳಿದ್ದು ಬೇರೆ.

"ಬೂಷ್ಟು ಹೋಗಿದೆ. ಪೂರ್ತಿ ಹೋಗಬೇಕಂದ್ರೆ ಇನ್ನೊಂದು ವಾರ ಹನಿ ಹಾಕೋದು ನಿಲ್ಲಿಸಬೇಡಿ. ಪರದೆ ತೂತಾಗಿಲ್ಲ. ಗಾಯ ಆರಿ ದಪ್ಪ ಕಟ್ಟಿದೆ, ತುಂಬ ದಿನ ಹಾಗೇ ಬಿಟ್ಟಿದ್ದಕ್ಕೆ. ಮಾತು ಕೇಳ್ಸತ್ತೆ. ತೀರಾ ಸಣ್ಣ ಸದ್ದು ಮೊದಲಿನ ಹಾಗೆ ಕೇಳ್ಸತ್ತೆ ಅಂತ ನಾನು ಮಾತು ಕೊಡಲಾರೆ."

ರಜ ಮುಗಿದ ದಿನ ಸೊಸೆ ಅರ್ಧ ದಿನ ರಜ ಹಾಕಿ ಅತ್ತೆಯ ಜತೆ ಕಾರ್ಖಾನೆಗೆ ಹೋದಳು. ತಟ್ಟುವ ಕೋಣೆಯಲ್ಲಿ ಉಳಿದ ಹೆಂಗಸರು ಕಡ್ಡಿ ಕೆಳಗಿಟ್ಟು ಸುಮ್ಮನಾದರು. ಸೂಪರ್‌ವೈಸರ್ ಇಪ್ಪತ್ತು ಕಪ್ಪು ಸಾಲಾಗಿಟ್ಟ. ಅತ್ತೆ ಕಣ್ಣು ಮುಚ್ಚಿಕೊಂಡು ತಟ್ಟಿದರು. ನಾಲ್ಕನೆಯದನ್ನು ಪಕ್ಕಕ್ಕಿಟ್ಟರು. ಹನ್ನೊಂದನೆಯದನ್ನು ಪಕ್ಕಕ್ಕಿಟ್ಟರು. ಇಪ್ಪತ್ತೂ ಮುಗಿಯಿತು. ಮತ್ತೆ ಮೊದಲಿಂದ ತಟ್ಟಿದರು. ಹದಿನೇಳನೆಯದರ ಹತ್ತಿರ ಕೈ ಒಂದು ಚಣ ತಡೆಯಿತು, ಮುಂದೆ ಹೋಯಿತು.

"ಎರಡೇ" ಎಂದರು ಅತ್ತೆ, ಕಣ್ಣು ತೆರೆದು.

ಸೂಪರ್‌ವೈಸರ್ ಹದಿನೇಳನೆಯ ಕಪ್ಪಿಗೆ ನೀಲಿ ಮಸಿ ಕದಡಿದ ನೀರು ಹೊಯ್ದ. ಎಲ್ಲರೂ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಕಪ್ಪಿನ ಹೊರಮೈ ಮೇಲೆ ಕೂದಲೆಳೆಯಷ್ಟು ನೀಲಿ ಗೆರೆ ಮೂಡಿತು. ಅವನಿಗೂ ಬೇಜಾರಾಗಿರಬೇಕು, ಮುಖ ನೋಡದೆ, "ನಾಳೆಯಿಂದ ಪ್ಯಾಕಿಂಗ್‌ಗೆ ಬಾಮ್ಮ" ಎಂದ. ಅತ್ತೆ ತಮ್ಮ ಕಡ್ಡಿಯನ್ನು ಸೆರಗಿನಿಂದ ಒರೆಸಿ, ಪಕ್ಕದ ಹೆಂಗಸಿನ ಕೈಗೆ ಕೊಟ್ಟರು.

ಮನೆಗೆ ಬಂದಾಗ ಮಾವ ಚಹಾ ಮಾಡಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ. ಕಪ್ಪೊಂದನ್ನು ಉಗುರಿನಿಂದ ತಟ್ಟಿ, ಬಗ್ಗಿಸಿ, ಹೆಂಡತಿಯ ಮುಂದಿಟ್ಟರು.

"ಏನಾಯ್ತು?"

"ಪ್ಯಾಕಿಂಗ್" ಎಂದರು ಅತ್ತೆ.

ಮಾವ ಕೆಮ್ಮಿದರು. "ಆಗಿದ್ದಾಯ್ತು ಬಿಡು. ವಯಸ್ಸಾದ ಮೇಲೆ ಕಿವಿ ಮಂದ ಆಗೋದು ಇದ್ದಿದ್ದೇ. ನಾಳೆ ಅಲ್ಲದಿದ್ರೆ ನಾಡಿದ್ದು ಆಗ್ತಿತ್ತು."

ಸೊಸೆ ಚೀಲವನ್ನು ಮೇಜಿನ ಮೇಲೆ ಎಸೆದಳು. ಒಂದೂವರೆ ತಿಂಗಳು ಹಲ್ಲು ಕಚ್ಚಿ ಹಿಡಿದದ್ದೆಲ್ಲ ಬಂತು. "ಆಗಿದ್ದಲ್ಲ ಮಾವ, ಮಾಡಿದ್ದು. ನೀವು ಮಾಡಿದ್ದು. ಪ್ರತಿ ಭಾನುವಾರ ಬೆಂಚು ಎಳೆದು, ಟವೆಲ್ ಹಾಸಿ, ಮಾಡಿದ್ದು. ಉರೀತಿದೆ ಅಂತ ಅವರು ಬಾಯಿಬಿಟ್ಟು ಹೇಳಿದ್ರು. ಮಲಕ್ಕೋ ಅಂದ್ರಿ. ಒಂದ್ಸಲ ದೀಪ ಹಿಡಿದು ಒಳಗೆ ನೋಡಿದ್ರಾ? ನಿಮಗೆ ಬೇಕಾಗಿದ್ದು ಅವರ ಕಿವಿ ಅಲ್ಲ. ಎಲ್ಲರೂ ನಿಮ್ಮ ಮುಂದೆ ಮಲಗಬೇಕು, ಅಷ್ಟೇ ಬೇಕಾಗಿತ್ತು. ಇಪ್ಪತ್ತೆರಡು ವರ್ಷದ ಕೆಲಸ ಹೋಯ್ತು, ಇನ್ನೂ ವಯಸ್ಸು ಅಂತೀರಿ. ನಾಚಿಕೆ ಆಗಲ್ವಾ ನಿಮಗೆ?"

ಮಾವ ಚಹಾದ ಪಾತ್ರೆಯ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದರು. ಗಂಡ ಗೋಡೆಗೊರಗಿ ನಿಂತಿದ್ದ, ಈ ಸಲ ಅವಳನ್ನು ತಡೆಯಲಿಲ್ಲ. ಸೊಸೆಗೆ ಎದೆ ಹಗುರಾಯಿತು. ಹೇಳಬೇಕಾದ್ದನ್ನು ಹೇಳಿದೆ, ಈ ಮನೆಯಲ್ಲಿ ಒಬ್ಬಳಾದರೂ ಹೇಳಿದೆ ಅನ್ನಿಸಿತು.

"ಮುಗೀತಾ?" ಎಂದರು ಅತ್ತೆ.

"ಇನ್ನೂ ಇದೆ ಅತ್ತೆ."

"ನಂದೂ ಇದೆ." ಅತ್ತೆ ಚಹಾದ ಕಪ್ಪನ್ನು ಮುಟ್ಟದೆ ಮುಂದೆ ತಳ್ಳಿದರು. "ಅವರಿಗೆ ಹೇಳಬೇಕಾದ್ದನ್ನ ನಾನು ಹೇಳ್ಕೋತೀನಿ, ನಂಗೆ ಇನ್ನೂ ಆಯಸ್ಸಿದೆ. ಅವರು ತಿಳೀದೆ ಮಾಡಿದ್ರು. ತಿಳಿದಿದೆ ಅನ್ನೋ ಜಂಬದಲ್ಲಿ ಮಾಡಿದ್ರು. ನೀನು?"

"ನಾನೇನು ಮಾಡ್ದೆ?"

"ಎರಡು ವರ್ಷದ ಹಿಂದೆ ಗುಬ್ಬೀನ ಆ ಬೆಂಚಿಂದ ಎತ್ಕೊಂಡು ಹೋದ್ಯಲ್ಲ. ಅಲರ್ಜಿ ಅಂತ. ಅವಳಿಗೆ ಯಾವ ಅಲರ್ಜೀನೂ ಇಲ್ಲ. ನಂಗೆ ಆವತ್ತೇ ಗೊತ್ತಿತ್ತು ಸುಳ್ಳು ಅಂತ, ಯಾಕೆ ಸುಳ್ಳು ಅಂತ ಗೊತ್ತಿರ್ಲಿಲ್ಲ. ಆ ಬಾಟಲಿ ಏನು ಅಂತ ನಿಂಗೆ ಗೊತ್ತಿತ್ತು. ನಿನ್ನ ಕಿವಿ ಉಳಿಸ್ಕೊಂಡೆ, ಡ್ಯೂಟಿ ಹಾಕಿಸ್ಕೊಂಡು. ನಿನ್ನ ಮಗಳ ಕಿವಿ ಉಳಿಸ್ಕೊಂಡೆ. ಅವಳ ಹಿಂದೆ ಸಾಲಿನಲ್ಲಿ ನಾನೇ ನಿಂತಿದ್ದೆ ಕಣೇ. ನನ್ನ ಯಾಕೆ ಎಬ್ಬಿಸ್ಲಿಲ್ಲ?"

ಆಗಲೇ ಮಾತೆತ್ತಿದ್ದರೆ ಜಗಳವಾಗುತ್ತಿತ್ತು ಎಂದು ಸೊಸೆ ಹೇಳಬಹುದಿತ್ತು. ಅತ್ತೆಯೂ ಜಗಳಕ್ಕೆ ಹೆದರಿಯೇ ಮಲಗಿದವರು, ಆದರೆ ಅವರು ಕೊಟ್ಟದ್ದು ತಮ್ಮ ಕಿವಿ, ಬೇರೆಯವರದ್ದಲ್ಲ. ಸಿಟ್ಟೆಲ್ಲ ಇದ್ದ ಹಾಗೇ ಇತ್ತು, ಯಾರ ಮೇಲೆ ಹಾಕುವುದೆಂದು ಮಾತ್ರ ತಿಳಿಯಲಿಲ್ಲ. ಮಾವನೂ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದರು.

ಗೋಡೆಯ ಗಡಿಯಾರ ಆರು ಹೊಡೆಯಿತು. ಸಂಜೆಯ ಹನಿಯ ಹೊತ್ತು. ಅತ್ತೆ ಎದ್ದು, ತಾವೇ ಬೆಂಚನ್ನು ಕಿಟಕಿಯ ಕೆಳಗೆ ಎಳೆದು, ಬಲಗಿವಿ ಮೇಲೆ ಮಾಡಿ ಮಲಗಿದರು. ಸೊಸೆ ಚೀಲದಿಂದ ಹೊಸ ಔಷಧಿಯ ಪುಟ್ಟ ಬಾಟಲಿ ತೆಗೆದು ಹತ್ತಿರ ಬಂದಳು.

"ಕೈ ತೊಳ್ಕೊಂಡ್ಯಾ?" ಎಂದರು ಅತ್ತೆ, ಗೋಡೆ ನೋಡುತ್ತ.

"ಬರ್ತಾನೇ ತೊಳ್ಕೊಂಡೆ ಅತ್ತೆ."

"ಇನ್ನೊಂದ್ಸಲ ತೊಳ್ಕೊಂಡು ಬಾ."

ಸೊಸೆ ಬಾಟಲಿಯನ್ನು ಮೇಜಿನ ಮೇಲಿಟ್ಟು, ತೊಟ್ಟಿಗೆ ಹೋಗಿ, ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡಳು.